ಹಾಲಿನಂತೆ ಲೆಕ್ಕವೂ ಕೆಡದಿರಲಿ



ಸಂಘದಲ್ಲಿ ನೀವು ಹಾಲು ಹಾಕಿದ ಕೂಡಲೇ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲವೂ ಚೀಟಿಯಲ್ಲಿ ಬರುತ್ತದೆ. ಅದೇ ಲೆಕ್ಕ ಸಂಘದ ಕಂಪ್ಯೂಟರಿನಿಂದ ಇಂಟರ್ನೆಟ್ ಮೂಲಕ ಒಕ್ಕೂಟದ ಸರ್ವರಿಗೆ ಹೋಗುತ್ತದೆ. ನಿಮ್ಮ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಎರಡಕ್ಕೂ ಈ ಲೆಕ್ಕವೇ ಆಧಾರ.

ಹಸುವಿನ ಕಿವಿಯೋಲೆಯ 12 ಅಂಕಿಗಳೂ ಹೀಗೆಯೇ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವನ್ನೂ ನಾವು ಆ ಸಂಖ್ಯೆಯಡಿ ದಾಖಲಿಸುತ್ತೇವೆ. ವಿಮೆ ಪರಿಹಾರ ಕೇಳುವಾಗ ಮೊದಲು ನೋಡುವುದೂ ಅದನ್ನೇ. ಆದ್ದರಿಂದ ಈ ಜಾಲದ ಸುರಕ್ಷತೆ ಕಚೇರಿಯವರ ಚಿಂತೆ ಮಾತ್ರವಲ್ಲ.

ಜಾಲ ಕಾಯುವುದು ಹೇಗೆ?

ಕೊಟ್ಟಿಗೆಯ ಲೆಕ್ಕದಲ್ಲೇ ಹೇಳುತ್ತೇನೆ. ಹೊರಗಿನಿಂದ ಬರುವ ಸಂಪರ್ಕವನ್ನು ಬಾಗಿಲಲ್ಲೇ ತಡೆದು ಪರೀಕ್ಷಿಸುವುದು ಫೈರ್‌ವಾಲ್. ಯಾರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂದು ನಿರ್ಧರಿಸುವುದು ಲಾಗಿನ್. ಚಿಕಿತ್ಸೆಯ ದಾಖಲೆ ಬರೆಯುವ ವೈದ್ಯರಿಗೆ ಬಟವಾಡೆಯ ಲೆಕ್ಕ ತಿದ್ದುವ ಅಗತ್ಯವಿಲ್ಲ. ಯಾರ ಲಾಗಿನ್‌ನಿಂದ ಯಾವಾಗ ಬದಲಾವಣೆ ಆಯಿತು ಎಂಬುದೂ ಉಳಿಯುತ್ತದೆ. ಒಂದೇ ಪಾಸ್‌ವರ್ಡ್ ನಾಲ್ವರ ಕೈಯಲ್ಲಿದ್ದರೆ ಈ ರಕ್ಷಣೆ ಅಲ್ಲಿಗೇ ಮುಗಿಯಿತು.

ಮೂರನೆಯದು ಪ್ರತ್ಯೇಕಿಸುವುದು. ಜ್ವರ ಬಂದ ರಾಸನ್ನು ಬೇರೆ ಕಟ್ಟುತ್ತೇವಲ್ಲವೇ? ಜಾಲವನ್ನೂ ಭಾಗ ಮಾಡಿಟ್ಟರೆ ಒಂದು ಕಡೆ ಸೇರಿದ ವೈರಸ್ ಎಲ್ಲೆಡೆ ಹರಡುವುದಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಲ್ಲೇ ಮಾಡಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಇದಕ್ಕೆ ಕಾರಣವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು.

ನಾಲ್ಕನೆಯದು ಬ್ಯಾಕಪ್, ಅಂದರೆ ಲೆಕ್ಕದ ಇನ್ನೊಂದು ಪ್ರತಿ. ಅದನ್ನು ಬೇರೆ ಕಡೆ ಇಟ್ಟಿದ್ದರೆ ಕಂಪ್ಯೂಟರ್ ಕೆಟ್ಟರೂ ನಿಮ್ಮ ಹತ್ತು ದಿನದ ಹಾಲಿನ ಲೆಕ್ಕ ಅಳಿಯದು.

ಕಾರ್ಯದರ್ಶಿಗಳೇ, ಗಮನಿಸಿ

• ಪಾಸ್‌ವರ್ಡನ್ನು ಗೋಡೆಗೆ, ಮಾನಿಟರಿಗೆ ಅಂಟಿಸಬೇಡಿ.
• ಹಾಡು, ಸಿನಿಮಾ ತುಂಬಿದ ಪೆನ್‌ಡ್ರೈವನ್ನು ಸಂಘದ ಕಂಪ್ಯೂಟರಿಗೆ ಹಾಕಬೇಡಿ. ಹಾಲಿನ ಲೆಕ್ಕದ ಯಂತ್ರ ಆ ಕೆಲಸಕ್ಕೇ ಇರಲಿ.
• ಕೆಲಸ ಬಿಟ್ಟವರ ಲಾಗಿನ್ ಅಂದೇ ರದ್ದಾಗಲಿ.
• ಪ್ರತಿದಿನ ಸಂಜೆಯ ಸರದಿ ಮುಗಿದ ಮೇಲೆ ಬ್ಯಾಕಪ್ ಮಾಡಿ.

ಉತ್ಪಾದಕರು ಮಾಡಬೇಕಾದ್ದು

ಚೀಟಿಯನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ. ಮೊಬೈಲಿಗೆ ಬರುವ ಮೆಸೇಜಿನೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಅಂದೇ ಕೇಳಿ. ಹಸು ಮಾರಿದರೆ, ಮೊಬೈಲ್ ನಂಬರ್ ಬದಲಾದರೆ ನಮಗೆ ತಿಳಿಸಿ. ಇಲ್ಲದಿದ್ದರೆ ನಿಮ್ಮ ಮೆಸೇಜ್ ಇನ್ನೊಬ್ಬರ ಕೈ ಸೇರುತ್ತದೆ.

"ಪ್ರೋತ್ಸಾಹಧನ ನಿಂತಿದೆ, ಈ ಲಿಂಕ್ ಒತ್ತಿ, ಓಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ವಾಟ್ಸ್‌ಆಪ್‌ನಲ್ಲಿ ಬಂದ ಆಪ್ ಹಾಕಿಕೊಳ್ಳಬೇಡಿ. ನೇರ ಸಂಘಕ್ಕೆ ಹೋಗಿ ವಿಚಾರಿಸಿ. ನಮ್ಮ ಸಿಬ್ಬಂದಿ ನಿಮ್ಮ ಕೊಟ್ಟಿಗೆಯಲ್ಲೇ ನಿಂತು ರಾಸಿನ ನೋಂದಣಿಗೆ ಓಟಿಪಿ ಕೇಳಿದರೂ, ಮೆಸೇಜ್ ಯಾವುದಕ್ಕೆ ಬಂದಿದೆ ಎಂದು ಓದಿದ ಮೇಲೆಯೇ ಹೇಳಿ. ಬ್ಯಾಂಕಿನ ಓಟಿಪಿ ಮಾತ್ರ ಯಾರಿಗೂ ಬೇಡ, ನನಗೂ ಬೇಡ. ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಹಿಡಿಯುವುದು ಕಷ್ಟ.

ಲಸಿಕೆ ಹಾಕಿಸದ ಒಂದೇ ರಾಸಿನಿಂದ ಊರಿನ ಕೊಟ್ಟಿಗೆಗಳಿಗೆಲ್ಲ ಕಾಲುಬಾಯಿ ಜ್ವರ ತಗಲಬಹುದು. ಜಾಲವೂ ಅಷ್ಟೇ, ಒಬ್ಬರ ಅಜಾಗ್ರತೆ ಎಲ್ಲರಿಗೂ ನಷ್ಟ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು? ಬ್ಯಾಕಪ್ ಕೊನೆಯ ಬಾರಿ ಆಗಿದ್ದು ಯಾವತ್ತು?

– ಪಶುವೈದ್ಯಾಧಿಕಾರಿ