ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಛೇದನ ಮತ್ತು ಸಿಲಿಂಡರ್ ಪವರ್: ಸಾರ್ವಜನಿಕರಿಗೆ ಮಾಹಿತಿ

ಪೊರೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಮಸೂರ ಅಳವಡಿಸಿದ ನಂತರವೂ ಅಕ್ಷರಗಳು ಎಳೆದಂತೆ ಅಥವಾ ನೆರಳು ಬಿದ್ದಂತೆ ಕಾಣುವುದುಂಟು. ಇದರಿಂದ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಕೆಲವರು ಭಾವಿಸುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಅಸ್ಟಿಗ್ಮ್ಯಾಟಿಸಂ, ಅಂದರೆ ಕನ್ನಡಕದ ಚೀಟಿಯಲ್ಲಿ "ಸಿಲಿಂಡರ್" ಎಂದು ಬರೆಯಲಾಗುವ ದೋಷ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬಾಗಿರದಿದ್ದಲ್ಲಿ ಈ ದೋಷ ಉಂಟಾಗುತ್ತದೆ. ಛೇದನ ಮಾಡಿದ ದಿಕ್ಕಿನಲ್ಲಿ ಕಾರ್ನಿಯಾದ ಬಾಗು ಕಡಿಮೆಯಾಗಿ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಹೆಚ್ಚಾಗುತ್ತದೆ. ವಯಸ್ಸಾದಂತೆ ಸಾಮಾನ್ಯವಾಗಿ ಅಡ್ಡ ದಿಕ್ಕಿನ ಬಾಗು ತಾನಾಗಿಯೇ ಹೆಚ್ಚುತ್ತಾ ಹೋಗುತ್ತದೆ. ಅಂತಹವರಿಗೆ ಮೇಲ್ಭಾಗದಲ್ಲಿ, ಅಂದರೆ ಗಡಿಯಾರದ 12 ಗಂಟೆಯ ಸ್ಥಾನದಲ್ಲಿ ಛೇದನ ಮಾಡಿದರೆ ದೋಷ ಇನ್ನಷ್ಟು ಹೆಚ್ಚಬಹುದು; ಕಿವಿಯ ಕಡೆಯ ಪಾರ್ಶ್ವದಲ್ಲಿ ಮಾಡಿದರೆ ತಗ್ಗಬಹುದು. ಇದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಮುನ್ನ ಕೆರಟೋಮೀಟರ್‌ನಿಂದ ಎರಡೂ ದಿಕ್ಕಿನ ಬಾಗನ್ನು ಅಳೆಯಲಾಗುತ್ತದೆ. ಮಸೂರದ ಪವರ್ ನಿರ್ಧರಿಸಲು ಸಹ ಇದೇ ಅಳತೆ ಬೇಕಾಗುವುದರಿಂದ, ಸಾಲಿನಲ್ಲಿ ಕಾಯಬೇಕೆಂಬ ಬೇಸರದಿಂದ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು.

ಛೇದನ ಚಿಕ್ಕದಾದಷ್ಟೂ ಬದಲಾವಣೆ ಕಡಿಮೆ. ಹಿಂದಿನ ಹೊಲಿಗೆ ಹಾಕುವ ವಿಧಾನದಲ್ಲಿ ಛೇದನ 10ರಿಂದ 12 ಮಿ.ಮೀ. ಇರುತ್ತಿತ್ತು. ಶಿಬಿರಗಳಲ್ಲಿ ಹೆಚ್ಚಾಗಿ ಅನುಸರಿಸುವ, ಹೊಲಿಗೆಯಿಲ್ಲದ ಸಣ್ಣ ಛೇದನದ ವಿಧಾನದಲ್ಲಿ ಅದು ಸುಮಾರು 6ರಿಂದ 7 ಮಿ.ಮೀ. ಇದ್ದು, ಫೇಕೋ ವಿಧಾನದಲ್ಲಿ ಸುಮಾರು 2.2ರಿಂದ 3 ಮಿ.ಮೀ. ಮಾತ್ರ. ಹಾಗೆಂದು ಫೇಕೋ ಆಗದಿದ್ದವರು ಚಿಂತಿಸುವ ಅಗತ್ಯವಿಲ್ಲ. ಉಳಿಯುವ ಸಿಲಿಂಡರ್ ದೋಷವನ್ನು ಸಾಮಾನ್ಯವಾಗಿ ಕನ್ನಡಕದಿಂದಲೇ ಸರಿಪಡಿಸಬಹುದಾಗಿದೆ.

ಹೊಲಿಗೆ ಹಾಕಿದವರಲ್ಲಿ ಪರಿಣಾಮ ಮೊದಲಿಗೆ ತಿರುಗುಮುರುಗಾಗಿರುತ್ತದೆ. ಬಿಗಿಯಾದ ಹೊಲಿಗೆಯು ಆ ದಿಕ್ಕಿನ ಬಾಗನ್ನು ಹೆಚ್ಚಿಸುತ್ತದೆ. ವೈದ್ಯರು ಹೊಲಿಗೆ ತೆಗೆದ ಬಳಿಕ ಸಿಲಿಂಡರ್ ಪವರ್ ಬದಲಾಗುತ್ತದೆ.

ಗಾಯ ಮಾಯುವವರೆಗೆ ಪವರ್ ಸ್ಥಿರವಾಗಿರುವುದಿಲ್ಲ. ಆದುದರಿಂದ ಮೊದಲ ವಾರದಲ್ಲೇ ಹಣ ಕೊಟ್ಟು ಕನ್ನಡಕ ಮಾಡಿಸಿಕೊಂಡವರು ತಿಂಗಳೊಳಗೆ ಮತ್ತೊಂದನ್ನು ಕೊಳ್ಳಬೇಕಾಗಬಹುದು. ಸಾಮಾನ್ಯವಾಗಿ 4ರಿಂದ 6 ವಾರಗಳ ನಂತರ, ಹೊಲಿಗೆ ಇದ್ದಲ್ಲಿ ಅದನ್ನು ತೆಗೆದು ಪವರ್ ಸ್ಥಿರವಾದ ನಂತರ, ವೈದ್ಯರು ಬರೆದುಕೊಟ್ಟಂತೆ ಕನ್ನಡಕ ಪಡೆಯತಕ್ಕದ್ದು. ಮರುತಪಾಸಣೆಗೆ ಬರುವಾಗ ಶಸ್ತ್ರಚಿಕಿತ್ಸೆಯ ಬಿಡುಗಡೆ ಚೀಟಿಯನ್ನು ತಪ್ಪದೇ ತರುವುದು.

ಕಣ್ಣು ನೋವು, ಕೆಂಪಾಗುವಿಕೆ, ಕೀವು ಅಥವಾ ದೃಷ್ಟಿ ಹಠಾತ್ತನೆ ಮಂಜಾಗುವುದು ಈ ದೋಷದ ಲಕ್ಷಣಗಳಲ್ಲ. ಇವು ಕಂಡುಬಂದಲ್ಲಿ ಮರುತಪಾಸಣೆಯ ದಿನಾಂಕಕ್ಕೆ ಕಾಯದೆ ಅದೇ ದಿನ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಅಥವಾ ಹತ್ತಿರದ ನೇತ್ರ ತಜ್ಞರಲ್ಲಿಗೆ ಹೋಗತಕ್ಕದ್ದು.