ಪಾದೂರಿನ ಬಂಡೆಯೊಳಗಿನ ಎಣ್ಣೆ

ಕಾಪುವಿನ ಹತ್ತಿರ ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಪೂರ್ವಕ್ಕೆ ತಿರುಗಿದರೆ ಪಾದೂರು ಹೆಚ್ಚು ದೂರವಿಲ್ಲ. ಗದ್ದೆ, ತೆಂಗು, ಮುರಕಲ್ಲಿನ ಪಾಗಾರ, ದೈವಸ್ಥಾನ: ಕರಾವಳಿಯ ಯಾವ ಊರಾದರೂ ಹೀಗೇ. ನಡುವೆ ಒಮ್ಮೆಲೇ ತಂತಿ ಬಿಗಿದ ಕಾಂಪೌಂಡು ಎದುರಾಗುತ್ತದೆ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ಬಿಟ್ಟರೂ ಕಾಣುವುದು ಅಷ್ಟಕ್ಕಷ್ಟೆ, ಏಕೆಂದರೆ ನೋಡಬೇಕಾದದ್ದೆಲ್ಲ ಕಾಲಡಿಗಿದೆ. 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳಿವು. ದೇಶದ ಮೂರು ತುರ್ತು ದಾಸ್ತಾನುಗಳಲ್ಲಿ ಇದೇ ದೊಡ್ಡದು. ಇನ್ನೊಂದು ಮಂಗಳೂರಿನಲ್ಲಿ, ಮತ್ತೊಂದು ವಿಶಾಖಪಟ್ಟಣದಲ್ಲಿ.

ನೆಲದಡಿ ಉಕ್ಕಿನ ಟ್ಯಾಂಕು ಹೂತಿರಬೇಕೆಂದು ಹಲವರು ಅಂದುಕೊಳ್ಳುತ್ತಾರೆ. ಇಲ್ಲ. ಗಟ್ಟಿ ಬಂಡೆಯನ್ನು ಸಿಡಿಸಿ ತೆಗೆದ, ಹತ್ತಂತಸ್ತಿನ ಕಟ್ಟಡ ನಿಲ್ಲಿಸಬಹುದಾದಷ್ಟು ಎತ್ತರದ ಸುರಂಗಗಳಲ್ಲಿ ಎಣ್ಣೆ ಬರಿಯ ಕಲ್ಲಿಗೇ ತಾಗಿಕೊಂಡಿರುತ್ತದೆ. ಅದನ್ನು ತಡೆದಿಟ್ಟಿರುವುದು ನೀರು. ಗುಹೆಗಳ ಮೇಲ್ಭಾಗದ ಬಂಡೆಯಲ್ಲಿ ಸಾಲಾಗಿ ರಂಧ್ರ ಕೊರೆದು ನೀರು ತುಂಬಿರುತ್ತಾರೆ. ಎಣ್ಣೆಗಿಂತ ನೀರಿನ ಒತ್ತಡ ಹೆಚ್ಚು. ಹಾಗಾಗಿ ಬಿರುಕುಗಳಲ್ಲಿ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಆಚೆ ಬರುವುದಿಲ್ಲ. ತಳದಲ್ಲಿ ನಿಂತ ನೀರನ್ನು ಪಂಪಿನಿಂದ ಎತ್ತಿಬಿಡುತ್ತಾರೆ.

ಇಷ್ಟೆಲ್ಲ ಏತಕ್ಕೆ? 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಕೆಲವೇ ತಿಂಗಳಲ್ಲಿ ದರ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರಿಗೆ 90 ದಿನಗಳ ಆಮದಿನಷ್ಟು ದಾಸ್ತಾನು ಕಡ್ಡಾಯ ಮಾಡಿತು. ನಾವು ಎಚ್ಚೆತ್ತದ್ದು ತಡವಾಗಿ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಎಣ್ಣೆಯ ಬಿಲ್ಲು ಉಬ್ಬಿ, ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಖಾಲಿಯಾಗುತ್ತ ಬಂದು, ಮರುವರ್ಷ ರಿಸರ್ವ್ ಬ್ಯಾಂಕಿನ ಚಿನ್ನ ಅಡಮಾನಕ್ಕೆ ಹೋಯಿತು.

ಇಂಥ ದಿನಗಳಿಗೆಂದೇ ತೋಡಿದ ಪಾದೂರಿನ ಗುಹೆಗಳ ಅದೃಷ್ಟ ಖುಲಾಯಿಸಿದ್ದು 2020ರ ಏಪ್ರಿಲಿನಲ್ಲಿ. ಲಾಕ್‌ಡೌನಿನಿಂದ ಕೊಳ್ಳುವವರೇ ಇಲ್ಲದೆ 20ರಂದು ಅಮೆರಿಕದ ವಾಯಿದೆ ದರ ಸೊನ್ನೆಗಿಂತ ಕೆಳಗಿಳಿಯಿತು. ಆ ಹೊತ್ತಿನಲ್ಲಿ ಬ್ಯಾರಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಮೂರೂ ಕಡೆ ತುಂಬಿಸಿದರು. ಅದರಿಂದ 5,000 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರ ಹೇಳಿಕೊಂಡಿತು. ಜಾಣ ವ್ಯಾಪಾರ, ಒಪ್ಪಲೇಬೇಕು. ಎರಡು ವರ್ಷ ತಿರುಗುವುದರೊಳಗೆ ರಷ್ಯಾ-ಉಕ್ರೇನ್ ಯುದ್ಧದಿಂದ ದರ 120 ಡಾಲರ್ ದಾಟಿತು. ಡಾಲರೇ ಉಳಿಯದ ಶ್ರೀಲಂಕಾದಲ್ಲಿ ಜನ ಬಂಕುಗಳ ಮುಂದೆ ದಿನಗಟ್ಟಲೆ ಸಾಲು ನಿಂತರು. ಲೋಕದಲ್ಲಿ ಎಣ್ಣೆಯೇನೂ ಮುಗಿದಿರಲಿಲ್ಲ. ಕೊಳ್ಳುವ ತಾಕತ್ತು ಮುಗಿದಿತ್ತು.

ಈ ದರದ ಕಾಟ ಕಾಣಬೇಕಾದರೆ ಪಾದೂರಿನಿಂದ ಉಡುಪಿ ಹಾದು ಮಲ್ಪೆಯ ದಕ್ಕೆಗೆ ಬರಬೇಕು. ಬೋಟು ನಡೆಸುವ ತಾಂಡೇಲರನ್ನು ಮಾತಿಗೆಳೆದರೆ ಮೀನಿಗಿಂತ ಮೊದಲು ಡೀಸೆಲ್ಲಿನ ಸುದ್ದಿ ಬರುತ್ತದೆ. ಆಳಸಮುದ್ರದ ಬೋಟು ಒಮ್ಮೆ ಹೊರಟರೆ ಮರಳುವಷ್ಟರಲ್ಲಿ ಸಾವಿರಾರು ಲೀಟರ್ ಕುಡಿದಿರುತ್ತದೆ. ಐಸ್ ಪ್ಲಾಂಟಿಗೆ ಕರೆಂಟು ಬೇಕು, ಬಲೆಯ ನೈಲಾನೂ ಪೆಟ್ರೋಲಿಯಮ್ಮಿನ ಸಂತಾನವೇ. ಇತ್ತ ಏಲಂ ಕೂಗುವಲ್ಲಿ, ಡೀಸೆಲ್ ಏರಿತೆಂದು ಬಂಗುಡೆಗೆ ಯಾರೂ ಹತ್ತು ರೂಪಾಯಿ ಹೆಚ್ಚು ಕೊಡುವುದಿಲ್ಲ. ಮೀನು ಸಿಗದೆ ಡೀಸೆಲ್ಲೂ ಏರಿದಾಗ ಬೋಟು ಕಟ್ಟಿಹಾಕುವುದೇ ಲಾಭ. ರಾಜ್ಯ ಸರ್ಕಾರ ಮೀನುಗಾರರ ಡೀಸೆಲ್ಲಿಗೆ ಮಾರಾಟ ತೆರಿಗೆಯ ರಿಯಾಯಿತಿ ಕೊಡುತ್ತದೆ ನಿಜ, ಆದರೆ ಮೂಲ ದರ ಅದರ ಹಿಡಿತದಲ್ಲಿಲ್ಲ.

ಹತ್ತಿರದಲ್ಲೇ ಇರುವ ಗುಹೆಯಿಂದ ದಕ್ಕೆಗೆ ನೆರವಾಗದೇ? ಆಗದು. 2021ರ ನವೆಂಬರಿನಲ್ಲಿ ದರ ತಗ್ಗಿಸಲೆಂದು ಅಮೆರಿಕದ ಜೊತೆಗೂಡಿ ಭಾರತ ತನ್ನ ದಾಸ್ತಾನಿನಿಂದ 50 ಲಕ್ಷ ಬ್ಯಾರಲ್ ಬಿಡುವುದಾಗಿ ಸಾರಿತು. ದೇಶ ಹೆಚ್ಚುಕಡಿಮೆ ಒಂದು ದಿನಕ್ಕೆ ಉರಿಸುವಷ್ಟು ಎಣ್ಣೆ ಅದು. ಹಡಗು ಬರುವುದೇ ನಿಂತ ದಿನಕ್ಕೆ ಗುಹೆ ಆದೀತು, ದುಬಾರಿ ದಿನಕ್ಕಲ್ಲ. ಮೂರೂ ತುಂಬಿದ್ದರೆ ಸರ್ಕಾರದ ಲೆಕ್ಕದಲ್ಲಿ ಒಂಬತ್ತೂವರೆ ದಿನ, ಕಂಪೆನಿಗಳ ಟ್ಯಾಂಕುಗಳನ್ನೂ ಸೇರಿಸಿದರೆ 74 ದಿನ.

ಪಾದೂರಿನಲ್ಲೇ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿಗೆ ಕೇಂದ್ರ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ತೋಡಲಿ. ಅದಕ್ಕೂ ಮೊದಲು ಜಾಗ ಬಿಡಬೇಕಾದ ಮನೆಯವರ ಅಹವಾಲು ಕೇಳಿ, ತಕ್ಕ ಪರಿಹಾರವನ್ನು ಕೈಗೆ ಕೊಟ್ಟುಬಿಡಲಿ.