ಸರ್ವರ್ ಬಿದ್ದಿಲ್ಲ, ನಿಮ್ಮ ಗುರುತು ಸಿಕ್ಕಿಲ್ಲ

‘ಸರ್ವರ್ ಡೌನ್ ಐತ್ರಿ ಅಕ್ಕಾರ, ಸ್ವಲ್ಪ ತಡೀರಿ.’

ತಂಗಡಗಿಯಂಥ ಹಳ್ಳಿಯೇ ಇರಲಿ, ಮುದ್ದೇಬಿಹಾಳದ ಪೇಟೆಯೇ ಇರಲಿ, ಸೇವಾ ಕೇಂದ್ರದ ಮುಂದೆ ಪಾಳಿ ಹಚ್ಚಿದವರಿಗೆ ಈ ಮಾತು ಹೊಸದಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ರಾಜ್ಯದ ತುಂಬ ಇದೇ ಗೋಳು. ಅಷ್ಟು ಜನ ಒಮ್ಮೆಲೇ ನುಗ್ಗಿದರೆ ಸರ್ವರ್ ಕುಸಿಯುವುದು ಸಹಜ. ಆದರೆ ಎಷ್ಟೋ ಸಲ ಅದು ಗಟ್ಟಿಯಾಗೇ ಇರುತ್ತದೆ. ಕೇಳುತ್ತಿರುವವರು ಯಾರೆಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ‘ಸೆಷನ್ ಎಕ್ಸ್‌ಪೈರ್ಡ್’ ಎಂದು ಪರದೆಯ ಮೇಲೆ ಮೂಡುವುದು ಆಗಲೇ.

ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ಕಟ್ಟಳೆಯ ಮೇಲೆ. ಮರೆವು ಅದರ ಹುಟ್ಟುಗುಣ. ಒಂದು ಕರೆಗೆ ಉತ್ತರ ಕೊಟ್ಟರೆ ಅಲ್ಲಿಗೆ ಲೆಕ್ಕ ಚುಕ್ತಾ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೆ ಹುಡುಕಿದ ಉಪಾಯವೇ ಕುಕಿ. ಸರ್ಕಾರಿ ದವಾಖಾನೆಯ ಚೀಟಿಯಿದ್ದಂತೆ ಅದು: ಸೆಷನ್ ಎಂಬ ಕಡತ ಒಳಗಿರುತ್ತದೆ, ನಂಬರ್ ನಿಮ್ಮ ಕೈಯಲ್ಲಿ. ಪ್ರತಿ ಕಿಟಕಿಯಲ್ಲೂ ತೋರಿಸಲೇಬೇಕು.

ಬ್ರೌಸರ್ ಈ ಚೀಟಿಯನ್ನು ತಾನೇ ಜೋಪಾನ ಮಾಡುತ್ತದೆ. ತೊಡಕು ಬರುವುದು ಒಂದು ಇಲಾಖೆಯ ತಂತ್ರಾಂಶ ಇನ್ನೊಂದರ ವೆಬ್ ಸೇವೆಯನ್ನು ನೇರವಾಗಿ ಕರೆದಾಗ. ಅಲ್ಲಿ ಬ್ರೌಸರ್ ಇಲ್ಲ. ಇಂಥ ಕರೆಗಳಿಗೆ ಬಳಸುವ ಜಾವಾದ ಜಾಕ್ಸ್‌-ಡಬ್ಲ್ಯೂಎಸ್‌ನಲ್ಲಿ ಸೆಷನ್ ಉಳಿಸಿಕೊಳ್ಳುವ ಗುಂಡಿ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಹಳೆಯ ಡಾಟ್‌ನೆಟ್ ಸೇವೆಗಳಲ್ಲಿ ಕುಕಿ ಇಡುವ ಡಬ್ಬಿಯನ್ನು ಪ್ರೋಗ್ರಾಮರ್ ತಾನೇ ಒದಗಿಸಬೇಕು, ಮುಂದಿನ ಕರೆಗೂ ಅದೇ ಡಬ್ಬಿಯನ್ನು ಕೊಡಬೇಕು. ಮರೆತರೆ ಲಾಗಿನ್ ಸಲೀಸಾಗಿ ಆಗುತ್ತದೆ, ಅದರ ಬೆನ್ನಿಗೇ ಹೋದ ಎರಡನೇ ಕರೆಗೆ ‘ಮೊದಲು ಲಾಗಿನ್ ಆಗಿ’ ಎಂಬ ಉತ್ತರ! ಬೈಗುಳ ಮಾತ್ರ ಸರ್ವರ್‌ಗೆ.

ಸರ್ವರ್‌ಗಳು ನಾಲ್ಕಾರಿದ್ದರೆ ಇನ್ನೊಂದು ಫಜೀತಿ. ಸೆಷನ್ ಒಂದರ ಸ್ಮೃತಿಯಲ್ಲಿ, ಮುಂದಿನ ಕರೆ ಮತ್ತೊಂದರ ಬಾಗಿಲಿಗೆ. ಪ್ರತಿ ಕರೆಯೂ ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತು ಬರಲಿ ಎಂದು ಕಂಪ್ಯೂಟರ್ ವಿಜ್ಞಾನಿ ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಾದಿಸಿದರು. ಆಧಾರ್ ದೃಢೀಕರಣದಲ್ಲೂ ಇದರ ಛಾಯೆಯಿದೆ. ಒಟಿಪಿ ಬೇಡಿದ ಕರೆಯಲ್ಲಿದ್ದ ವ್ಯವಹಾರ ಸಂಖ್ಯೆಯೇ ಒಟಿಪಿ ಒಪ್ಪಿಸುವ ಕರೆಯಲ್ಲೂ ಇರಬೇಕು. ತಾಳೆಯಾಗದಿದ್ದರೆ ಅಂಕಿ ಸರಿಯಿದ್ದರೂ ತಿರಸ್ಕಾರ. ಕುಕಿಯ ಹಂಗಿಲ್ಲದ ಈ ದಾರಿಯೇ ನನಗೆ ಹೆಚ್ಚು ನೇರ ಅನ್ನಿಸುತ್ತದೆ.

ಇಷ್ಟಾದರೂ ಸೆಷನ್ನಿಗೆ ಗಡುವು ಬೇಕೇ ಬೇಕು. ಸೇವಾ ಕೇಂದ್ರದ ಒಂದೇ ಕಂಪ್ಯೂಟರಿನ ಮುಂದೆ ದಿನವಿಡೀ ಊರೇ ಕೂತು ಏಳುತ್ತದೆ; ಎದ್ದವರ ಸೆಷನ್ ಮುಂದಿನವರ ಕೈಗೆ ಸಿಗಬಾರದು. ಗಡುವಿಗೂ ಮುನ್ನವೇ ಸೆಷನ್ ಮುರಿಯುವುದೂ ಉಂಟು: ಒಂದೇ ಬ್ರೌಸರಿನ ಎರಡು ಟ್ಯಾಬುಗಳಿಗೆ ಕುಕಿಯೂ ಒಂದೇ. ಒಂದರಲ್ಲಿ ಲಾಗೌಟ್ ಆದರೆ ಇನ್ನೊಂದರ ಅರ್ಜಿಯೂ ನಡುನೀರಿನಲ್ಲಿ. ಗಡುವು ಮುಗಿದರೆ ಮುಗಿಯಲಿ, ಅರ್ಧ ತುಂಬಿದ ಅರ್ಜಿಯನ್ನು ಕರಡಾಗಿ ಇಟ್ಟುಕೊಳ್ಳಲು ಪೋರ್ಟಲಿಗೇನು ಧಾಡಿ? ಅದೇ ಅಕ್ಕ ಮತ್ತೆ ಆಧಾರ್ ನಂಬರಿನಿಂದ ಶುರು ಮಾಡಬೇಕಾಗಿ ಬರುವುದು ತಂತ್ರಜ್ಞಾನದ ಮಿತಿಯಿಂದಲ್ಲ, ಬರೆದವರ ಸೋಮಾರಿತನದಿಂದ.